ಲೆಕ್ಕ ಎಲ್ಲರದೂ ಎಂದ ಮಹಾವೀರಾಚಾರ್ಯರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಹಿರಿಯರೊಬ್ಬರ ಜೀವನ ಪರಿಚಯ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದರು. ನಾನು ಸಾಫ್ಟ್‌ವೇರ್ ಇಂಜಿನಿಯರ್. ಕಂಪ್ಯೂಟರ್ ಲೋಕದ ಯಾರಾದರೂ ಮಹನೀಯರನ್ನು ಆರಿಸಿಕೊಳ್ಳುತ್ತೇನೆಂದು ಅವರು ಎಣಿಸಿರಬಹುದು. ನಾನು ಆರಿಸಿಕೊಂಡಿರುವುದು ಸುಮಾರು 1,175 ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯರನ್ನು. ಅದಕ್ಕೆ ಕಾರಣ ಹೇಳಿ ಮುಂದುವರಿಯುತ್ತೇನೆ.

ಎರಡು ವರ್ಷಗಳ ಹಿಂದೆ ಉಡುಪಿ ಸಮೀಪದ ಒಂದು ಪದವಿ ಕಾಲೇಜಿನಲ್ಲಿ ಬಿ.ಎ. ಮತ್ತು ಬಿ.ಕಾಂ. ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ವಿಜ್ಞಾನವನ್ನು ಪರಿಚಯಿಸುವ ಕೆಲಸ ನನ್ನ ಪಾಲಿಗೆ ಬಂತು. ಆರು ಶನಿವಾರಗಳ ತರಗತಿ. ಕಂಪ್ಯೂಟರ್ ಬಳಸುವುದನ್ನು ಕಲಿಸುವುದಲ್ಲ, ಅದರ ಹಿಂದಿರುವ ಯೋಚನೆಯ ಕ್ರಮವನ್ನು, ಅಂದರೆ ಅಲ್ಗಾರಿದಮ್ ಎನ್ನುವ ಹೆಜ್ಜೆ ಹೆಜ್ಜೆಯ ವಿಧಾನವನ್ನು ತಿಳಿಸುವುದು ಉದ್ದೇಶ. ಮೊದಲ ಶನಿವಾರ ನಾನು ಪೂರ್ತಿ ಸೋತೆ. ಫ್ಲೋಚಾರ್ಟ್ ಬರೆದೆ, ಪ್ರೋಗ್ರಾಂ ತೋರಿಸಿದೆ, ಇಂಜಿನಿಯರಿಂಗ್ ಕಾಲೇಜಿನಲ್ಲಿ ನನಗೆ ಹೇಳಿಕೊಟ್ಟ ಹಾಗೆಯೇ ಹೇಳಿಕೊಟ್ಟೆ. ಹಿಂದಿನ ಸಾಲುಗಳು ಮೊಬೈಲಿಗೆ ಇಳಿದವು. ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಬಹಳ ವಿನಯದಿಂದಲೇ ಹೇಳಿದಳು, ಇದೆಲ್ಲ ಸೈನ್ಸ್ ತೆಗೆದುಕೊಂಡವರಿಗೆ ಸರ್, ನಾವು ಕನ್ನಡ ಮತ್ತು ಇತಿಹಾಸದವರು ಎಂದು.

ಸಿಟಿ ಬಸ್ಸಿನಲ್ಲಿ ಹಿಂತಿರುಗಿ ಕಡಿಯಾಳಿಯಲ್ಲಿ ಇಳಿದಾಗಲೂ ಆ ಮಾತು ತಲೆಯಲ್ಲಿತ್ತು. ನಮ್ಮ ಶಾಲೆಯಲ್ಲಿ ನನ್ನ ಪಕ್ಕದ ಬೆಂಚಿನ ಗೆಳೆಯ ನೆನಪಾದ. ಎಸ್.ಎಸ್.ಎಲ್.ಸಿ.ಯ ಲೆಕ್ಕದಲ್ಲಿ ಎರಡು ಬಾರಿ ಫೇಲಾಗಿ ಅವನು ಓದು ಬಿಟ್ಟ. ಅದೇ ಹುಡುಗ ಮಹಿಷಮರ್ದಿನಿ ದೇವಸ್ಥಾನದ ಉತ್ಸವಕ್ಕೆ ತಂದೆಯ ಹೂವಿನ ಅಂಗಡಿಯಲ್ಲಿ ಕುಳಿತರೆ, ಮೊಳದ ದರ, ಹಾರದ ದರ, ಉಳಿದ ಬಿಡಿ ಹೂವಿನ ದರ ಎಲ್ಲವನ್ನೂ ಬಾಯಲ್ಲೇ ಕೂಡಿಸಿ, ಕಳೆದು, ಚಿಲ್ಲರೆ ಕೊಡುತ್ತಿದ್ದ. ಒಂದು ಸಲವೂ ತಪ್ಪಿದ್ದು ನಾನು ಕಾಣೆ. ಆದರೂ ಅವನಿಗೆ ಲೆಕ್ಕ ಬರುವುದಿಲ್ಲವೆಂದು ನಾವೆಲ್ಲ ನಂಬಿದ್ದೆವು. ಅವನೂ ನಂಬಿದ್ದ. ಅದು ಸುಳ್ಳೆಂದು ನನಗೆ ಆಗ ಹೊಳೆಯಲಿಲ್ಲ.

ಆ ವಾರ ನಾನು ಮಹಾವೀರಾಚಾರ್ಯರ ಗಣಿತಸಾರಸಂಗ್ರಹದ ಕನ್ನಡ ಅನುವಾದವನ್ನು ಕೈಗೆತ್ತಿಕೊಂಡೆ. ಮುಂದಿನ ಐದು ಶನಿವಾರಗಳನ್ನು ಉಳಿಸಿದ್ದು ಆ ಪುಸ್ತಕ.

ಮಹಾವೀರಾಚಾರ್ಯರ ಕಾಲ ರಾಷ್ಟ್ರಕೂಟರ ಕಾಲ. ಕ್ರಿ.ಶ. 814ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಅಮೋಘವರ್ಷ ನೃಪತುಂಗ ಪಟ್ಟಕ್ಕೆ ಬಂದ. ಅರವತ್ತಕ್ಕೂ ಹೆಚ್ಚು ವರ್ಷ ಆಳಿದ. ಅವನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆಯ ಊರು. ಈಗ ಹೋದರೆ ಕೋಟೆಯ ಅವಶೇಷ ಮತ್ತು ಜೈನ ಬಸದಿ ಕಾಣುತ್ತವೆ. ಆ ಕಾಲದಲ್ಲಿ ಭಾರತಕ್ಕೆ ಬಂದ ಅರಬ್ ವರ್ತಕರು ರಾಷ್ಟ್ರಕೂಟರ ಅರಸನನ್ನು ಲೋಕದ ನಾಲ್ವರು ದೊಡ್ಡ ದೊರೆಗಳಲ್ಲಿ ಒಬ್ಬನೆಂದು ಎಣಿಸಿದ್ದರು. ಕನ್ನಡದ ಉಪಲಬ್ಧ ಕೃತಿಗಳಲ್ಲಿ ಅತ್ಯಂತ ಹಳೆಯದಾದ ಕವಿರಾಜಮಾರ್ಗ ಹುಟ್ಟಿದ್ದು ಇದೇ ಅರಸನ ಆಸ್ಥಾನದಲ್ಲಿ. ಆದಿಪುರಾಣದ ಜಿನಸೇನರು, ವ್ಯಾಕರಣಕಾರ ಶಾಕಟಾಯನ ಇದೇ ಕಾಲದವರು. ಕವಿಗಳಿಗೆ ದಾರಿ ತೋರಿಸುವ ಗ್ರಂಥ, ಭಾಷೆಗೆ ನಿಯಮ ಕಟ್ಟುವ ಗ್ರಂಥ, ಲೆಕ್ಕಕ್ಕೆ ಕ್ರಮ ಹೇಳುವ ಗ್ರಂಥ, ಈ ಮೂರೂ ಒಂದೇ ಅರಸನ ಆಳ್ವಿಕೆಯಲ್ಲಿ ಬಂದವು.

ಆಚಾರ್ಯರು ದಿಗಂಬರ ಜೈನರು. ಅವರ ತಂದೆತಾಯಿ ಯಾರು, ಹುಟ್ಟೂರು ಯಾವುದು ಎಂಬುದನ್ನು ಅವರು ಬರೆದಿಡಲಿಲ್ಲ. ತಮ್ಮ ಹೆಸರಿನವರೇ ಆದ ವರ್ಧಮಾನ ಮಹಾವೀರ ತೀರ್ಥಂಕರರಿಗೆ ನಮಿಸಿ, ಅಮೋಘವರ್ಷನ ಆಳ್ವಿಕೆಗೆ ಶುಭ ಕೋರಿ, ನೇರವಾಗಿ ಗಣಿತಕ್ಕೆ ಬಂದುಬಿಟ್ಟರು. ಹಿಂದಿನ ಜ್ಞಾನಿಗಳ ವಿದ್ಯೆಯೆಂಬ ಸಮುದ್ರದಿಂದ ರತ್ನವನ್ನು ಆಯ್ದಂತೆ ತಾನು ಸಾರವನ್ನು ಮಾತ್ರ ಆಯ್ದುಕೊಂಡಿರುವುದಾಗಿ ತಿಳಿಸಿದರು. ಅವರ ಬಾಳಿನ ಕಥೆಯೆಂದರೆ ಅವರ ಪುಸ್ತಕದ ಕಥೆಯೇ.

ಅದೇ ದಶಕಗಳಲ್ಲಿ ದೂರದ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಎಂಬ ವಿದ್ವಾಂಸರು ಖಲೀಫ ಅಲ್ ಮಾಮೂನನ ಆಶ್ರಯದಲ್ಲಿ ಕೆಲಸ ಮಾಡುತ್ತಿದ್ದರು. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಬಗೆಯನ್ನು ಅವರು ಅರಬ್ಬಿಯಲ್ಲಿ ಬರೆದರು. 12ನೆಯ ಶತಮಾನದಲ್ಲಿ ಅದು ಲ್ಯಾಟಿನ್ನಿಗೆ ಹೋದಾಗ ಅವರ ಹೆಸರೇ ತಿರುಚಿಕೊಂಡು ಅಲ್ಗಾರಿದಮ್ ಎಂಬ ಪದವಾಯಿತು. ಇಂದು ಜಗತ್ತೆಲ್ಲ ಬಳಸುವ ಆ ಪದದ ಒಡೆಯರೂ ನಮ್ಮ ಮಹಾವೀರಾಚಾರ್ಯರೂ ಸಮಕಾಲೀನರು. ಪದ ಬಾಗ್ದಾದಿನ ದಾರಿಯಿಂದ ಬಂದಿದ್ದರೂ ಆ ಪದ ಸೂಚಿಸುವ ಕೆಲಸ ಕನ್ನಡ ನಾಡಿನಲ್ಲಿಯೂ ನಡೆಯುತ್ತಿತ್ತು.

ಗಣಿತಸಾರಸಂಗ್ರಹ ಸಂಸ್ಕೃತದಲ್ಲಿದೆ. ಸುಮಾರು ಕ್ರಿ.ಶ. 850ರಲ್ಲಿ ರಚಿತವಾದದ್ದು. ಒಂಬತ್ತು ಅಧ್ಯಾಯ, 1,100ಕ್ಕೂ ಹೆಚ್ಚು ಪದ್ಯ. ಅದಕ್ಕೂ ಮೊದಲು ಆರ್ಯಭಟ, ಬ್ರಹ್ಮಗುಪ್ತರಂಥವರ ಗ್ರಂಥಗಳಲ್ಲಿ ಗಣಿತ ಬರುತ್ತಿದ್ದದ್ದು ಜ್ಯೋತಿಷ ಮತ್ತು ಖಗೋಳದ ಗ್ರಂಥದ ಒಂದು ಭಾಗವಾಗಿ. ಗ್ರಹಗಳ ಚಲನೆ ಲೆಕ್ಕ ಹಾಕುವವನಿಗೆ ಬೇಕಾದಷ್ಟು ಗಣಿತ ಅಲ್ಲಿತ್ತು. ಮಹಾವೀರಾಚಾರ್ಯರು ಖಗೋಳವನ್ನು ಬದಿಗಿಟ್ಟು ಗಣಿತವನ್ನೇ ಒಂದು ಪುಸ್ತಕವಾಗಿ ಕೊಟ್ಟರು. ಇದು ಸಣ್ಣ ವಿಷಯವಲ್ಲ. ಪಂಚಾಂಗ ಮಾಡುವವರ ಕೈಯಲ್ಲಿದ್ದ ವಿದ್ಯೆ ಇದರಿಂದ ಅಂಗಡಿಯವನಿಗೂ ಬಾವಿ ತೋಡುವವನಿಗೂ ಹತ್ತಿರವಾಯಿತು.

ಯಾರಿಗಾಗಿ ಈ ಪುಸ್ತಕ ಎಂಬುದನ್ನು ಅವರು ಮೊದಲ ಅಧ್ಯಾಯದಲ್ಲೇ ಪಟ್ಟಿ ಮಾಡುತ್ತಾರೆ. ಹಣಕಾಸು, ಸಂಗೀತ, ನಾಟಕ, ಅಡುಗೆ, ವೈದ್ಯ, ಮನೆ ಕಟ್ಟುವುದು, ಛಂದಸ್ಸು, ಅಲಂಕಾರ, ಕಾವ್ಯ, ತರ್ಕ, ವ್ಯಾಕರಣ, ಇವೆಲ್ಲಕ್ಕೂ ಗಣಿತ ಬೇಕು ಎನ್ನುತ್ತಾರೆ. ಗ್ರಹಣ ಮತ್ತು ಗ್ರಹಗತಿಯ ಮಾತು ಆಮೇಲೆ ಬರುತ್ತದೆ. ಕೊನೆಗೆ, ಹೆಚ್ಚು ಮಾತೇಕೆ, ಚಲಿಸುವ ಮತ್ತು ಚಲಿಸದ ಯಾವ ವಸ್ತುವೂ ಗಣಿತವನ್ನು ಬಿಟ್ಟು ಇಲ್ಲ ಎಂಬ ಅರ್ಥದಲ್ಲಿ ಮುಗಿಸುತ್ತಾರೆ. ಈ ಪಟ್ಟಿಯನ್ನು ಎರಡನೆಯ ಶನಿವಾರ ಬೋರ್ಡಿನ ಮೇಲೆ ಬರೆದೆ. ಅದರಲ್ಲಿ ಬಿ.ಎ. ತರಗತಿಯವರ ವಿಷಯಗಳೇ ಹೆಚ್ಚಾಗಿದ್ದವು.

ಪುಸ್ತಕದ ಕಟ್ಟೋಣ ನಮ್ಮಂಥ ಪ್ರೋಗ್ರಾಂ ಬರೆಯುವವರಿಗೆ ಬಹಳ ಪರಿಚಿತ. ಮೊದಲು ಹೆಸರುಗಳು: ಅಳತೆ, ಕಾಲ, ಧಾನ್ಯ, ಚಿನ್ನ, ಬೆಳ್ಳಿಗಳ ಮಾನಗಳು, 24 ಸ್ಥಾನಗಳವರೆಗೆ ಸಂಖ್ಯೆಗಳ ಹೆಸರು. ಆಮೇಲೆ ಎಂಟು ಮೂಲ ಕ್ರಿಯೆಗಳು. ಸಾಮಾನ್ಯ ಕೂಡುವುದು, ಕಳೆಯುವುದು ಓದುಗನಿಗೆ ಬರುತ್ತದೆಂದು ಎಣಿಸಿ ಗುಣಾಕಾರದಿಂದಲೇ ಶುರು. ನಂತರ ಭಿನ್ನರಾಶಿ, ಬಿಡಿ ಲೆಕ್ಕಗಳು, ತ್ರೈರಾಶಿ, ಮಿಶ್ರ ಲೆಕ್ಕಗಳು, ಕ್ಷೇತ್ರಫಲ, ಅಗೆತದ ಲೆಕ್ಕ, ನೆರಳಿನ ಲೆಕ್ಕ. ಪ್ರತಿ ವಿಷಯದಲ್ಲೂ ಮೊದಲು ಸೂತ್ರ, ಅಂದರೆ ಏನು ಮಾಡಬೇಕೆಂಬ ಕ್ರಮ. ಅದರ ಬೆನ್ನಿಗೆ ಉದಾಹರಣೆಯ ಲೆಕ್ಕಗಳು. ಉದಾಹರಣೆಗಳಲ್ಲಿ ಮಾವಿನ ಹಣ್ಣು, ಆನೆ, ದಾರಿಹೋಕರು, ಹೂವು ಮಾರುವವರು ಎಲ್ಲ ಬರುತ್ತಾರೆ.

ನಾನು ಮೊದಲು ಎತ್ತಿಕೊಂಡದ್ದು ಹಣ್ಣಿನ ಲೆಕ್ಕ. 9 ಮಾದಳ ಹಣ್ಣು ಮತ್ತು 7 ಬೇಲದ ಹಣ್ಣಿಗೆ ಬೆಲೆ 107. 7 ಮಾದಳ ಮತ್ತು 9 ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು? ಆಚಾರ್ಯರ ಕ್ರಮ ಹೀಗಿದೆ: ದೊಡ್ಡ ಬೆಲೆಯನ್ನು ದೊಡ್ಡ ಎಣಿಕೆಯಿಂದ ಗುಣಿಸು, ಸಣ್ಣ ಬೆಲೆಯನ್ನು ಸಣ್ಣ ಎಣಿಕೆಯಿಂದ ಗುಣಿಸಿ ಕಳೆ, ಎಣಿಕೆಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸು. 963ರಲ್ಲಿ 707 ಕಳೆದರೆ 256. 81ರಲ್ಲಿ 49 ಕಳೆದರೆ 32. ಭಾಗಿಸಿದರೆ ಮಾದಳಕ್ಕೆ 8, ಹಾಗಾಗಿ ಬೇಲಕ್ಕೆ 5. ತರಗತಿಯ ಒಬ್ಬ ಬಿ.ಕಾಂ. ಹುಡುಗ ಸೂತ್ರವಿಲ್ಲದೆಯೇ ಮಾಡಿದ. ಎರಡೂ ವ್ಯಾಪಾರ ಸೇರಿಸಿದರೆ 16 ಜೊತೆ ಹಣ್ಣಿಗೆ 208, ಒಂದು ಜೊತೆಗೆ 13. ಎರಡರ ವ್ಯತ್ಯಾಸ ನೋಡಿದರೆ ಎರಡು ಮಾದಳಕ್ಕೆ ಎರಡು ಬೇಲಕ್ಕಿಂತ 6 ಹೆಚ್ಚು, ಒಂದಕ್ಕೆ 3 ಹೆಚ್ಚು. ಆದ್ದರಿಂದ 8 ಮತ್ತು 5. ಒಂದೇ ಉತ್ತರಕ್ಕೆ ಎರಡು ದಾರಿ ಇರಬಹುದು, ಎರಡನ್ನೂ ಹೋಲಿಸಿ ನೋಡಬಹುದು ಎಂಬುದು ಕಂಪ್ಯೂಟರ್ ವಿಜ್ಞಾನದ ಮೊದಲ ಪಾಠ. ಅದನ್ನು ನಾನು ಹೇಳಬೇಕಾಗಲಿಲ್ಲ.

ಆಮೇಲೆ ಮುತ್ತಿನ ಹಾರದ ಲೆಕ್ಕ. ವಸಂತದ ರಾತ್ರಿ ಗಂಡ ಹೆಂಡಿರ ಸರಸದ ಜಗಳದಲ್ಲಿ ಹಾರ ಹರಿಯಿತು. ಮೂರರಲ್ಲೊಂದು ಪಾಲು ಮುತ್ತು ದಾಸಿಯ ಕಡೆಗೆ ಹೋದವು, ಆರರಲ್ಲೊಂದು ಪಾಲು ಹಾಸಿಗೆಯ ಮೇಲೆ ಬಿದ್ದವು. ಉಳಿದದ್ದರ ಅರ್ಧ, ಮತ್ತೆ ಉಳಿದದ್ದರ ಅರ್ಧ, ಹೀಗೆ ಆರು ಸಲ ಚೆಲ್ಲಾಡಿಹೋದವು. ಕೊನೆಗೆ ಉಳಿದದ್ದು 1,161. ಒಟ್ಟು ಮುತ್ತು ಎಷ್ಟು? ಇಲ್ಲಿ ಹಿಂದಿನಿಂದ ಮುಂದಕ್ಕೆ ನಡೆಯಬೇಕು. 1,161ನ್ನು ಆರು ಸಲ ಇಮ್ಮಡಿಸಿದರೆ 74,304. ಮೂರರಲ್ಲೊಂದು ಮತ್ತು ಆರರಲ್ಲೊಂದು ಸೇರಿದರೆ ಅರ್ಧ, ಆದ್ದರಿಂದ ಈ 74,304 ಇಡೀ ಹಾರದ ಇನ್ನರ್ಧ. ಒಟ್ಟು 1,48,608. ನಡೆದದ್ದನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ಬಿಡಿಸುತ್ತ ಬರುವುದು ನನ್ನ ದಿನನಿತ್ಯದ ಕೆಲಸ. ಪ್ರೋಗ್ರಾಂ ಎಲ್ಲಿ ಕೆಟ್ಟಿತೆಂದು ಹುಡುಕುವುದು ಹೀಗೆಯೇ.

ಮೂರನೆಯ ಶನಿವಾರ ಅಡುಗೆಗೆ ಬಂದೆವು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು, ಈ ಆರು ರುಚಿಗಳನ್ನು ಬೆರೆಸಿ ಎಷ್ಟು ಬಗೆ ಮಾಡಬಹುದು ಎಂಬುದು ಆಚಾರ್ಯರ ಇನ್ನೊಂದು ಪ್ರಶ್ನೆ. ಇದಕ್ಕೆ ಅವರು ಎಷ್ಟು ವಸ್ತುಗಳಿಗಾದರೂ ಹೊಂದುವ ಸಾಮಾನ್ಯ ಕ್ರಮ ಕೊಟ್ಟರು. ಮೂರು ರುಚಿ ಆರಿಸುವುದಾದರೆ 6, 5, 4 ಗುಣಿಸಿ, 1, 2, 3ರ ಗುಣಲಬ್ಧದಿಂದ ಭಾಗಿಸಬೇಕು. ಉತ್ತರ 20. ಒಂದೊಂದೇ ರುಚಿಯಾದರೆ 6, ಎರಡೆರಡಾದರೆ 15, ನಾಲ್ಕಾದರೆ 15, ಐದಾದರೆ 6, ಆರೂ ಸೇರಿದರೆ 1. ಒಟ್ಟು 63. ಇಂದು ಪಿ.ಯು.ಸಿ.ಯಲ್ಲಿ ವಿಕಲ್ಪ ಎಂದು ಕಲಿಯುವ ಈ ಸೂತ್ರವನ್ನು ಹೀಗೆ ಸಾಮಾನ್ಯ ರೂಪದಲ್ಲಿ ಕೊಟ್ಟವರಲ್ಲಿ ಅವರು ಮೊದಲಿಗರು ಎಂದು ಗಣಿತದ ಚರಿತ್ರೆಕಾರರು ಗುರುತಿಸುತ್ತಾರೆ. ಯಾವ ರುಚಿಯೂ ಇಲ್ಲದ ಸಪ್ಪೆ ಅಡುಗೆಯನ್ನೂ ಎಣಿಸಿದರೆ 64. ಒಂದೊಂದು ರುಚಿಯೂ ಇದೆ ಅಥವಾ ಇಲ್ಲ, ಎರಡೇ ಸಾಧ್ಯತೆ. ಆರು ಸಲ ಎರಡನ್ನು ಗುಣಿಸಿದರೆ 64. ಕಂಪ್ಯೂಟರಿನ ಒಳಗೆ ಇರುವುದೂ ಇಷ್ಟೇ, ಇದೆ ಮತ್ತು ಇಲ್ಲ, ಒಂದು ಮತ್ತು ಸೊನ್ನೆ. ಉಡುಪಿಯ ಮಕ್ಕಳಿಗೆ ಅದನ್ನು ಅಡುಗೆಮನೆಯಿಂದಲೇ ಹೇಳಬಹುದೆಂದು ನನಗೆ ಮೊದಲು ತೋಚಿರಲಿಲ್ಲ.

ಇದೆ ಮತ್ತು ಇಲ್ಲ ಎಂಬುದರಿಂದ ಲಘು ಮತ್ತು ಗುರುವಿಗೆ ಒಂದೇ ಹೆಜ್ಜೆ. ಪಿಂಗಳನ ಛಂದಶ್ಶಾಸ್ತ್ರದಿಂದ ಬಂದ ಎಣಿಕೆಯ ಕ್ರಮಗಳನ್ನು ಮಹಾವೀರಾಚಾರ್ಯರು ತಮ್ಮ ಗ್ರಂಥದಲ್ಲಿ ಸೇರಿಸಿಕೊಂಡಿದ್ದಾರೆ. ಮೂರಕ್ಷರದ ಗಣಗಳು ಎಂಟು ಎಂದು ಹೈಸ್ಕೂಲಿನಲ್ಲಿ ಛಂದಸ್ಸು ಕಲಿತ ಎಲ್ಲರಿಗೂ ಗೊತ್ತು. ಏಕೆ ಎಂಟು? ಪ್ರತಿ ಅಕ್ಷರ ಲಘು ಅಥವಾ ಗುರು, ಮೂರು ಅಕ್ಷರಕ್ಕೆ ಎರಡು ಎರಡಲ ನಾಲ್ಕು, ನಾಲ್ಕು ಎರಡಲ ಎಂಟು. ಅವನ್ನು ಮ, ಯ, ರ, ಸ, ತ, ಜ, ಭ, ನ ಎಂಬ ಕ್ರಮದಲ್ಲಿ ಬರೆಯುವುದೂ ಸುಮ್ಮನೆ ಅಲ್ಲ, ಅದು ಪ್ರಸ್ತಾರದ ಕ್ರಮ. ಆರನೆಯ ಗಣ ಯಾವುದೆಂದು ಪಟ್ಟಿ ನೋಡದೆ ಹೇಳುವ ವಿಧಾನವಿದೆ. ಸಂಖ್ಯೆ ಸಮವಾದರೆ ಲಘು ಬರೆದು ಅರ್ಧ ಮಾಡು. ಬೆಸವಾದರೆ ಗುರು ಬರೆದು, ಒಂದು ಕೂಡಿಸಿ ಅರ್ಧ ಮಾಡು. ಆರು ಸಮ, ಲಘು, ಉಳಿದದ್ದು ಮೂರು. ಮೂರು ಬೆಸ, ಗುರು, ಒಂದು ಕೂಡಿಸಿ ಅರ್ಧ ಮಾಡಿದರೆ ಎರಡು. ಎರಡು ಸಮ, ಲಘು. ಲಘು, ಗುರು, ಲಘು, ಅಂದರೆ ಜಗಣ. ಪಟ್ಟಿಯಲ್ಲಿ ಆರನೆಯದು ಜಗಣವೇ.

ಮೊದಲ ಶನಿವಾರ ಇದು ನಮಗಲ್ಲ ಎಂದಿದ್ದ ಹುಡುಗಿ ಐಚ್ಛಿಕ ಕನ್ನಡದವಳು. ಅವಳು ಎದ್ದು ಬಂದು ಎಂಟೂ ಗಣಗಳಿಗೆ ಈ ಕ್ರಮವನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿದಳು. ಆಮೇಲೆ ಹತ್ತು ಅಕ್ಷರದ ಸಾಲಿಗೆ ಎಷ್ಟು ಬಗೆ ಎಂಬ ಪ್ರಶ್ನೆ ಬಂತು. ಎರಡನ್ನು ಹತ್ತು ಸಲ ಗುಣಿಸುವ ಬದಲು ಆಚಾರ್ಯರು ಹೇಳುವ ದಾರಿ ಹೀಗೆ. 10ನ್ನು ಅರ್ಧ ಮಾಡಿದರೆ 5. ಬೆಸವಾದ್ದರಿಂದ ಒಂದು ಕಳೆದರೆ 4. ಅರ್ಧ 2. ಅರ್ಧ 1. ಒಂದು ಕಳೆದರೆ ಸೊನ್ನೆ. ಈಗ ಹಿಂದಕ್ಕೆ ಬರಬೇಕು. ಒಂದು ಕಳೆದ ಕಡೆ ಎರಡರಿಂದ ಗುಣಿಸು, ಅರ್ಧ ಮಾಡಿದ ಕಡೆ ವರ್ಗ ಮಾಡು. 2, 4, 16, 32, 1024. ಐದೇ ಹೆಜ್ಜೆ. 100 ಅಕ್ಷರಕ್ಕಾದರೆ 99 ಗುಣಾಕಾರದ ಬದಲು 9 ಹೆಜ್ಜೆ ಸಾಕು. ಬ್ಯಾಂಕಿನ ಗುಪ್ತಸಂಕೇತದ ಲೆಕ್ಕದಲ್ಲಿ ಇಂದು ಕಂಪ್ಯೂಟರುಗಳು ಬಹು ದೊಡ್ಡ ಘಾತಗಳನ್ನು ಲೆಕ್ಕ ಹಾಕುವುದು ಇದೇ ಉಪಾಯದ ಆಧಾರದ ಮೇಲೆ. ಹುಟ್ಟಿದ್ದು ಕವಿತೆಯ ಮಾತ್ರೆ ಎಣಿಸುವವರ ಮನೆಯಲ್ಲಿ.

ಆಚಾರ್ಯರನ್ನು ಹೊಗಳಿ ಮುಗಿಸಿಬಿಟ್ಟರೆ ಅವರಿಗೇ ಅನ್ಯಾಯವಾಗುತ್ತದೆ. ಅವರು ತಪ್ಪಿದ ಕಡೆಗಳೂ ಇವೆ. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದವರು ಅವರು. ಆದರೆ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದೂ ಹೇಳಿದರು. ನಾಲ್ಕನೆಯ ಶನಿವಾರ ಈ ಸೂತ್ರವನ್ನು ತಪ್ಪೆಂದು ಹೇಳದೆ ಬೋರ್ಡಿನ ಮೇಲೆ ಬರೆದೆ, ಪರೀಕ್ಷಿಸಿ ನೋಡಿ ಎಂದೆ. ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಬೆಂಚಿನಿಂದ ಉತ್ತರ ಬಂತು. 12ನ್ನು ಸೊನ್ನೆಯಿಂದ ಭಾಗಿಸಿ 12 ಬಂದರೆ, 12ನ್ನು ಸೊನ್ನೆಯಿಂದ ಗುಣಿಸಿದಾಗಲೂ 12 ಬರಬೇಕಲ್ಲ? ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಎಂದು ಅದೇ ಪುಸ್ತಕದಲ್ಲಿದೆ. ಮುನ್ನೂರು ವರ್ಷಗಳ ನಂತರ, 1150ರಲ್ಲಿ, ಎರಡನೆಯ ಭಾಸ್ಕರಾಚಾರ್ಯರು ಈ ಪ್ರಶ್ನೆಗೆ ಅನಂತದ ಕಲ್ಪನೆಯಿಂದ ಬೇರೆ ಉತ್ತರ ಹುಡುಕಿದರು. ಇಂದಿನ ಗಣಿತ ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲವೆನ್ನುತ್ತದೆ. ಕ್ರಮವನ್ನು ಮುಚ್ಚಿಡದೆ ಬರೆದಿಟ್ಟದ್ದರಿಂದಲೇ ಅದರ ತಪ್ಪನ್ನು ಇನ್ನೊಬ್ಬರು ಹಿಡಿಯಲು ಸಾಧ್ಯವಾಯಿತು.

ಲೆಕ್ಕಗಾರನಿಗೆ ಎಂಟು ಗುಣಗಳಿರಬೇಕೆಂದು ಅವರು ಎಣಿಸಿದ್ದಾರೆ. ಬೇಗ ಮಾಡುವುದು, ಬೇಕಾದ ಫಲ ಬರುತ್ತದೆಯೇ ಎಂದು ಮುಂದಾಗಿ ಯೋಚಿಸುವುದು, ಬೇಡದ ಫಲ ಬಂದೀತೇ ಎಂದೂ ಯೋಚಿಸುವುದು, ಸೋಮಾರಿಯಾಗದಿರುವುದು, ಸರಿಯಾಗಿ ಗ್ರಹಿಸುವುದು, ನೆನಪಿಡುವುದು, ಹೊಸ ಉಪಾಯ ಹುಡುಕುವುದು, ಗೊತ್ತಿಲ್ಲದ್ದನ್ನು ಗೊತ್ತುಮಾಡುವ ಸಂಖ್ಯೆಯನ್ನು ಹಿಡಿಯುವುದು. ಇದರಲ್ಲಿ ಮೂರನೆಯದು ನಮ್ಮ ಉದ್ಯೋಗದಲ್ಲಿ ಬಹಳ ಮಂದಿ ಮರೆಯುವ ಗುಣ. ನಾನೂ ಮರೆತಿದ್ದೆ.

ಕೊನೆಯ ಶನಿವಾರ ಅದು ತಿಳಿಯಿತು. ಗಣ ಹುಡುಕುವ ಕ್ರಮವನ್ನು ಆ ಹುಡುಗಿ ಕನ್ನಡದಲ್ಲಿ ಹಾಳೆಯ ಮೇಲೆ ಬರೆದುಕೊಟ್ಟಳು, ನಾನು ಅದನ್ನು ಹಾಗೆಯೇ ಪ್ರೋಗ್ರಾಂ ಮಾಡಿ ಪರದೆಯ ಮೇಲೆ ತೋರಿಸಿದೆ. 6 ಕೊಟ್ಟರೆ ಜಗಣ, 8 ಕೊಟ್ಟರೆ ನಗಣ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಮಾತ್ರ 9 ಕೊಟ್ಟು ನೋಡಿ ಸರ್ ಎಂದಳು. ಕೊಟ್ಟೆ. ಯಂತ್ರ ಒಂದಿಷ್ಟೂ ಸಂಕೋಚವಿಲ್ಲದೆ ಮಗಣ ಎಂದಿತು. ಒಂಬತ್ತನೆಯ ಗಣವೇ ಇಲ್ಲ. ಕೊಟ್ಟ ಸಂಖ್ಯೆ ಒಂದರಿಂದ ಎಂಟರ ಒಳಗಿದೆಯೇ ಎಂದು ಮೊದಲು ನೋಡಬೇಕೆಂಬ ಹೆಜ್ಜೆಯನ್ನು ನಾನು ಸೇರಿಸಿರಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಈ ಉದ್ಯೋಗದಲ್ಲಿರುವ ನನ್ನ ತಪ್ಪನ್ನು, ಇದು ನಮಗಲ್ಲ ಎಂದಿದ್ದವಳು ಹಿಡಿದಳು. ಅವಳೇ ಹಾಳೆ ವಾಪಸು ತೆಗೆದುಕೊಂಡು ಮೇಲೆ ಒಂದು ಸಾಲು ಸೇರಿಸಿದಳು.

ಮಹಾವೀರಾಚಾರ್ಯರ ಗ್ರಂಥ ಅವರ ನಂತರ ಬಹಳ ಊರು ತಿರುಗಿತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗು ಪದ್ಯಗಳಿಗೆ ತಂದ. 12ನೆಯ ಶತಮಾನದಲ್ಲಿ ಕನ್ನಡದಲ್ಲೇ ರಾಜಾದಿತ್ಯ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಬರೆದ. ಆಮೇಲೆ ಗ್ರಂಥ ಜೈನ ಭಂಡಾರಗಳ ಓಲೆಗರಿಗಳಲ್ಲಿ ಉಳಿಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಕಲೆಹಾಕಿ 1912ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಮಾಡಿಸಿದರು. ಅವರಿಗೆ ದೊರೆತ ಪ್ರತಿಗಳಲ್ಲಿ ನಮ್ಮ ಕಾರ್ಕಳದ ನೆರೆಯ ಮೂಡುಬಿದಿರೆಯಿಂದ ಬಂದ ಕನ್ನಡ ಲಿಪಿಯ ಪ್ರತಿಯೂ ಒಂದು. ಅಮೆರಿಕದ ಗಣಿತ ಚರಿತ್ರೆಕಾರ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಮುನ್ನುಡಿ ಬರೆದರು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದ ಬಂತು. ನಾನು ಓದಿದ್ದು ಅದನ್ನು. ಯಾರೋ ಹೆಸರು ತಿಳಿಯದ ಲಿಪಿಕಾರರು ನಮ್ಮ ಕರಾವಳಿಯ ಮಳೆ, ಗೆದ್ದಲುಗಳ ನಡುವೆ ಅದನ್ನು ಮತ್ತೆ ಮತ್ತೆ ನಕಲು ಮಾಡಿ ಉಳಿಸದಿದ್ದರೆ ನನ್ನ ತರಗತಿ ಮೊದಲ ಶನಿವಾರಕ್ಕೇ ಮುಗಿಯುತ್ತಿತ್ತು.

ಈ ಲೇಖನ ಬರೆಯುವಾಗ ಪಕ್ಕದ ಬೆಂಚಿನ ನನ್ನ ಗೆಳೆಯನಿಗೆ ಫೋನ್ ಮಾಡಿದೆ. ಅವನು ಈಗಲೂ ಹೂವಿನ ವ್ಯಾಪಾರದಲ್ಲಿದ್ದಾನೆ. ನಮ್ಮ ಸುವರ್ಣ ಮಹೋತ್ಸವದ ವೇದಿಕೆಗೆ ಎಷ್ಟು ಮೊಳ ಹೂ, ಎಷ್ಟು ಹಾರ, ಎಷ್ಟು ಖರ್ಚು ಎಂದು ಲೆಕ್ಕ ಹಾಕಿಕೊಟ್ಟವನು ಅವನೇ. ಮಾದಳ ಮತ್ತು ಬೇಲದ ಲೆಕ್ಕವನ್ನು ಫೋನಿನಲ್ಲೇ ಕೇಳಿದೆ. ಉತ್ತರ ಬರಲು ಒಂದು ನಿಮಿಷವೂ ಬೇಕಾಗಲಿಲ್ಲ. ಇದು ಬೀಜಗಣಿತ ಎಂದು ಹೇಳಿದಾಗ ಅವನು ನಂಬಲಿಲ್ಲ.

ಶಾಲೆಯ ಈಗಿನ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ ಇದೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ತಿಂಗಳಿಗೊಂದು ಶನಿವಾರ ಬಿಟ್ಟುಕೊಟ್ಟರೆ ನಾನು ಬಂದು ಈ ಲೆಕ್ಕಗಳನ್ನು ಮಾಡಿಸುತ್ತೇನೆ. ಕಂಪ್ಯೂಟರ್ ಬೇಕಾಗಿಲ್ಲ, ಬೋರ್ಡು ಮತ್ತು ಸೀಮೆಸುಣ್ಣ ಸಾಕು. ಲೆಕ್ಕದಲ್ಲಿ ಹಿಂದಿರುವ ಮಕ್ಕಳನ್ನು ದಯವಿಟ್ಟು ಮೊದಲ ಬೆಂಚಿನಲ್ಲಿ ಕೂರಿಸಿ.